ಇಂಜಿನ್ ಆಫ್ ಆದ ಮೇಲಿನ ಎರಡು ನಿಮಿಷ

3 ಮಾರ್ಚ್, ಸೋಮವಾರ. ಸಂಜೆ 6.40

ಇಂಜಿನ್ ತಣ್ಣಗಿಡೋ ಹಳೇ ವಾಟರ್ ಪಂಪು ಕೊನೆಗೂ ಹೊರಗೆ ಬಂತು. ನಾಲ್ಕು ಬೋಲ್ಟಿಗೆ ಮೂರು ಗಂಟೆ. ಕೊನೇದು ತುಕ್ಕು ಹಿಡಿದು ಹಟ ಮಾಡ್ತಿತ್ತು — ಬೈದೆ, ಬಿಸಿ ಮಾಡಿದೆ, ಮತ್ತೆ ಬೈದೆ, ಬಂತು. ಮೊಣಕೈ ತರಚಿದೆ.

ಗಾಡಿ ಹಲ್ಲಿನ ಡಾಕ್ಟರಮ್ಮಂದು. ಕರಿ ಸೆಡಾನ್. ಹೊರಗಿಂದ ನೋಡಿದ್ರೆ ಪರಮ ಸಾಧು, ಬಾನೆಟ್ ಎತ್ತಿದ್ರೆ ಐನೂರು ಹಾರ್ಸ್‌ಪವರ್, ಜೊತೆಗೆ ಇಂಜಿನ್ನಿಗೆ ಗಾಳಿ ತುರುಕೋ ಟರ್ಬೊ. ಇಂಜಿನ್ ಕಟ್ಟಿದ್ದು ನಾನೇ. ಡಾಕ್ಟರಮ್ಮನಿಗೆ ಐವತ್ತೆಂಟು ವಯಸ್ಸು, ಮಂಡಿನೋವು, ಸ್ಪೀಡಿನ ಹುಚ್ಚು. ದಿನಾ ಕ್ಲಿನಿಕ್ಕಿಗೆ ಇದರಲ್ಲೇ ಹೋಗ್ಬೇಕು. ಖಾಲಿ ರೋಡಲ್ಲಿ ತೊಂದರೆ ಇಲ್ಲ. ಸಿಗ್ನಲ್‌ನಲ್ಲಿ ನಿಂತ್ರೆ ಮಾತ್ರ ಬಿಸಿ ತೋರಿಸೋ ಮುಳ್ಳು ಮೇಲೇರುತ್ತೆ. ಯಾಕಂದ್ರೆ ಹಳೇ ಪಂಪನ್ನ ಬೆಲ್ಟು ತಿರುಗಿಸೋದು — ಇಂಜಿನ್ ನಿಧಾನ ಆದ್ರೆ ಪಂಪೂ ನಿಧಾನ. ನೀರು ಜೋರಾಗಿ ಓಡಬೇಕಾದ ಹೊತ್ತಲ್ಲೇ ತೂಕಡಿಸುತ್ತೆ. ಅದರ ಜಾಗಕ್ಕೆ ಕರೆಂಟ್ ಪಂಪು ಕೂರಿಸಿದೆ, ಅದಕ್ಕೆ ಆ ಹಂಗಿಲ್ಲ. ನೀರು ಎಷ್ಟು ಬಿಸಿ ಅಂತ ನೋಡ್ಕೊಂಡು ತನ್ನ ಪಾಡಿಗೆ ತಾನು ಓಡುತ್ತೆ. ಇಂಜಿನ್ ಆಫ್ ಆದ ಮೇಲೂ ಎರಡು ನಿಮಿಷ ಓಡಿ ಒಳಗಿನ ಬಿಸಿ ಇಳಿಸುತ್ತಂತೆ. ಅದಕ್ಕೇ ವೈರ್ ಸೀದಾ ಬ್ಯಾಟರಿಯಿಂದ ಎಳೆದೆ.

ಅಪ್ಪ ಸ್ಟೂಲ್ ಹಾಕ್ಕೊಂಡು ಪಕ್ಕದಲ್ಲೇ ಕೂತಿದ್ರು. “ನೀರು ತಿರುಗಿಸೋಕೆ ಕರೆಂಟಾ? ಬೆಲ್ಟು ಏನು ಪಾಪ ಮಾಡಿತ್ತು ನಿಂಗೆ?”

“ಬೆಲ್ಟು ಏನು ಮಾಡ್ತು ಅಂತ ಹೋದ ವರ್ಷ ನೋಡಿದ್ರಲ್ಲ ಅಪ್ಪ” ಅಂದೆ.

ಹೋದ ವರ್ಷ... ಕಾಂಟ್ರಾಕ್ಟರ್ ಗಾಡಿ. ಅದೂ ನಾನೇ ಕಟ್ಟಿದ ಇಂಜಿನ್. ಬೆಲ್ಟ್ ಪಂಪೇ ಸಾಕು ಅಂತ ನಾನೇ ಅಂದಿದ್ದೆ. ಟ್ರಾಫಿಕ್ಕಲ್ಲಿ ಕುದ್ದು ಇಂಜಿನ್ ಕಚ್ಕೊಂಡು ನಿಂತೇಹೋಯ್ತು. ಪಾಪ, ಮನುಷ್ಯ ಗಾಬರಿಯಲ್ಲಿ ರೇಡಿಯೇಟರ್ ಕ್ಯಾಪ್ ತಿರುಗಿಸಿ ಕೈ ಸುಟ್ಕೊಂಡ. ಒಂದು ಮಾತೂ ಬೈಲಿಲ್ಲ. ಮತ್ತೆ ಈ ಕಡೆ ಬರಲೂ ಇಲ್ಲ. ಬೈದಿದ್ರೆ ಚೆನ್ನಾಗಿತ್ತು. ಅವತ್ತಿಂದ ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ. ಒಂದೊಂದು ಬೋಲ್ಟನ್ನೂ ಮೂರು ಸಲ ಮುಟ್ಟಿ ನೋಡ್ತೀನಿ.

ಇವರು, ನಮ್ಮ ಯಜಮಾನರು, ಬಸ್ ಡಿಪೋದಲ್ಲಿ ಕ್ಲರ್ಕು. ಅಲ್ಲಿನ ಸ್ಟೋರಲ್ಲಿ ಒಂದು ಕೆಲಸ ಖಾಲಿ ಇದೆ ಅಂದ್ರು. ಫಾರ್ಮ್ ತಂದ್ಕೊಡಿ ಅಂತ ನಾನೇ ಕೇಳಿದ್ದೆ. 31ಕ್ಕೆ ಕೊನೇ ದಿನ. ಬೆಂಚಿನ ಮೇಲಿನ ಕ್ಲಿಪ್ಪಿಗೆ ಸಿಕ್ಕಿಸಿದ್ದೀನಿ, ಹಳೇ ಪೇಪರುಗಳ ಹಿಂದೆ. ಈ ಗಾಡಿಯೂ ಕೈಕೊಟ್ರೆ ಶೆಡ್ಡಿಗೆ ಬೀಗ ಹಾಕಿ ಡಿಪೋದಲ್ಲಿ ನಟ್ಟು ಬೋಲ್ಟು ಎಣಿಸ್ಕೊಂಡು ಕೂರೋದು. ಅಪ್ಪನಿಗೆ ಹೇಳಿಲ್ಲ.

ಅಪ್ಪ ಸುತ್ತು ಹಾಕ್ತಿದ್ದಾರೆ. ಜೇಬಿಂದ ಹತ್ತನೇ ನಂಬರ್ ಸ್ಪ್ಯಾನರ್ ತೆಗೆದು ಒಂದೊಂದೇ ಗಾಡಿಯ ಬ್ಯಾಟರಿಯಿಂದ ನೆಗೆಟಿವ್ ವೈರ್ ಬಿಚ್ಚೋದು. ಶೆಡ್ಡಿಗೆ ಬೆಂಕಿ ಬಿದ್ದ ವರ್ಷದಿಂದ ಇದೇ ರೂಢಿ, ಹದಿನಾರು ವರ್ಷ ಆಯ್ತು. ಮಧ್ಯಾಹ್ನ ಊಟಕ್ಕೆ ಹೋಗೋವಾಗ ನಾನು ಬಿಚ್ತೀನಿ. ಸಂಜೆ ಸುತ್ತು ಮಾತ್ರ ಅವರದೇ. ಜ್ವರ ಬಂದಾಗಲೂ ಶಾಲು ಹೊದ್ದು ಬಂದು ಬಿಚ್ಚಿ ಹೋಗಿದ್ದಾರೆ. ಒಂದು ದಿನಕ್ಕೂ ಆ ಕೆಲಸ ನನಗೆ ಬಿಟ್ಟುಕೊಟ್ಟಿಲ್ಲ.

ನಾಲ್ಕು ಗಾಡಿ, ನಾಲ್ಕು ನೆಗೆಟಿವ್. ಶಟರ್ ಎಳೆಯೋ ಹೊತ್ತು.

4 ಮಾರ್ಚ್, ಮಂಗಳವಾರ. ಸಂಜೆ 6.30

ಬೆಳಗ್ಗೆಯೆಲ್ಲಾ ಗಾಳಿ ಬಿಡಿಸೋದೇ ಆಯ್ತು. ಗಾಡಿಯ ಮೂತಿ ಎತ್ತರಕ್ಕೆ ಏರಿಸಿ, ಇಂಜಿನ್ ತಣಿಸೋ ಹಸಿರು ನೀರು, ಅದೇ ಕೂಲಂಟ್, ಹೊಯ್ದು, ರಬ್ಬರ್ ಹೋಸ್‌ಗಳನ್ನ ಹಿಂಡಿ ಹಿಂಡಿ ಬೆರಳು ನೋವು. ಒಂದು ಗುಳ್ಳೆ ಉಳಿದ್ರೂ ಪಂಪು ನೀರಿನ ಬದಲು ಗಾಳಿ ಅಗೀತಾ ಕೂರುತ್ತೆ. ಅಪ್ಪ ಕೂತಲ್ಲಿಂದಲೇ — “ಮಗು ತೇಗೋ ತನಕ ಬೆನ್ನು ತಟ್ಟು, ಬಿಡ್ಬೇಡ.” ತೇಗಿತು. ದೊಡ್ಡದಾಗೇ ತೇಗಿತು, ಹಸಿರು ಕೂಲಂಟ್ ನನ್ನ ಮುಖಕ್ಕೆ.

ಆಮೇಲೆ ಸ್ಟಾರ್ಟ್. ಎಂಬತ್ತೈದು ಡಿಗ್ರಿ. ನಲವತ್ತು ನಿಮಿಷ ನಿಂತಲ್ಲೇ ಓಡಿಸಿದೆ, ಏಸಿ ಹಾಕಿ, ಉರಿ ಬಿಸಿಲಲ್ಲಿ. ಎಂಬತ್ತೈದು, ಎಂಬತ್ತಾರು, ಎಂಬತ್ತೈದು. ಗೇಜಿನ ಮುಂದೆ ಹುಚ್ಚಿ ಥರ ನಗ್ತಾ ಕೂತಿದ್ದೆ. ಇವರು ಊಟದ ಡಬ್ಬಿ ತಂದಿದ್ರು, “ಯಾಕೆ, ಲಾಟರಿ ಹೊಡೀತಾ?” ಅಂದ್ರು.

ಸಂಜೆ ಟ್ರಾಫಿಕ್ಕಿಗೇ ನುಗ್ಗಿಸಿದೆ. ದೊಡ್ಡ ಸರ್ಕಲ್ಲಲ್ಲಿ ಇಪ್ಪತ್ತು ನಿಮಿಷ ಸಿಕ್ಕಿಹಾಕ್ಕೊಂಡೆ, ಬೇಕು ಅಂತಲೇ. ಮುಳ್ಳು ಅಲ್ಲಾಡಲಿಲ್ಲ. ವಾಪಸ್ ಬರ್ತಾ ಖಾಲಿ ರೋಡಲ್ಲಿ ಕಾಲು ಒತ್ತಿದೆ — ಇದನ್ನ ಯಾರಿಗೂ ಹೇಳೋದು ಬೇಡ. ಆರು ಕಾಲಿಗೆ ಒಳಗೆ ತಂದೆ. ನಾನು ಕೈ ತೊಳೆಯೋಕೆ ಹೋದೆ, ಅಪ್ಪ ಸುತ್ತು ಮುಗಿಸಿದ್ರು.

ಎಷ್ಟೋ ದಿನದ ಮೇಲೆ ಹಸಿವಾಗ್ತಿದೆ.

5 ಮಾರ್ಚ್, ಬುಧವಾರ. ಬೆಳಗ್ಗೆ 9.10

ಶಟರ್ ಎತ್ತಿದೆ. ಕರಿ ಗಾಡಿ ಕೆಳಗೆ ಹಸಿರು ಕೂಲಂಟ್. ಅರ್ಧ ಲೀಟರಿಗೆ ಕಮ್ಮಿ ಇಲ್ಲ.

ಬಾನೆಟ್ ಎತ್ತಿ ಟಾರ್ಚ್ ಹಿಡ್ಕೊಂಡು ಒಳಗೆ ಬಗ್ಗಿದೆ.

ಅದೇ ದಿನ. ಸಂಜೆ 5.30

ಹೋಸು, ಕ್ಲಿಪ್ಪು, ರೇಡಿಯೇಟರ್, ಎಲ್ಲಾ ಗಟ್ಟಿ. ಕ್ಯಾಪ್ ಹೊಸದು ಹಾಕಿದೆ. ಹನ್ನೆರಡೂವರೆಗೆ ಒಂದು ರೌಂಡ್ ಓಡಿಸಿ ತಂದು, ಎಂದಿನ ಹಾಗೆ ನೆಗೆಟಿವ್ ಬಿಚ್ಚಿ ಊಟಕ್ಕೆ ಹೊರಟೆ. ಬಾಗಿಲ ತನಕ ಹೋಗಿರಲಿಲ್ಲ, ಬಾನೆಟ್ ಒಳಗೆ ಗುಳುಗುಳು. ಟರ್ಬೊ ಹತ್ತಿರ. ಕುದೀತಿದೆ. ಆಮೇಲೆ ಹೆಚ್ಚಾದ ಕೂಲಂಟ್ ತುಂಬಿಕೊಳ್ಳೋ ಓವರ್‌ಫ್ಲೋ ಬಾಟಲಿಂದ ಚೆಲ್ಲೋಕೆ ಶುರು. ಓಡೋವಾಗ ಎಂಬತ್ತೈದು ತೋರಿಸಿದ್ದು ನಿಂತ ಕೂಡ್ಲೇ ಯಾಕೆ ಕುದೀಬೇಕು?

ನನಗೆ ಗೊತ್ತಿರೋ ಉತ್ತರ ಒಂದೇ. ಹೆಡ್ ಗ್ಯಾಸ್ಕೆಟ್. ಇಂಜಿನ್ನಿನ ತಲೆಗೂ ಮೈಗೂ ನಡುವಿನ ಆ ತೆಳು ಹಾಳೆ. ಅದು ಬಿಟ್ರೆ ಒಳಗಿನ ಉರಿ ನೀರಿಗೆ ನುಗ್ಗುತ್ತೆ. ಅದನ್ನ ಕೂರಿಸಿದ್ದು ನಾನು. ಬೋಲ್ಟ್ ಬಿಗಿ ಮಾಡಿದ್ದು ನಾನು. ಕಾಂಟ್ರಾಕ್ಟರ್ ಗಾಡಿ ಥರಾನೇ.

ಊಟ ಡಬ್ಬಿಯಲ್ಲೇ ಇದೆ.

7 ಮಾರ್ಚ್, ಶುಕ್ರವಾರ

ಗ್ಯಾಸ್ ಟೆಸ್ಟ್ ಮಾಡಿದೆ. ರೇಡಿಯೇಟರ್ ಬಾಯಿಗೆ ಆ ಗಾಜಿನ ನಳಿಗೆ ಇಟ್ಟು, ಒಳಗಿನ ಗಾಳಿಯನ್ನ ನೀಲಿ ದ್ರವದ ಮೂಲಕ ಎಳೆಯೋದು. ಗ್ಯಾಸ್ಕೆಟ್ ಹೋಗಿದ್ರೆ ನೀಲಿ ಹಳದಿ ಆಗ್ಬೇಕು. ನೀಲಿಯಾಗೇ ಇತ್ತು. ಮೂರು ಸಲ ಮಾಡಿದೆ. ಮೂರು ಸಲವೂ ನೀಲಿ.

ಅಪ್ಪ: “ಗ್ಯಾಸ್ಕೆಟ್ ಸರಿ ಇದೆ ಅಂತ ಆಯ್ತಲ್ಲ.”

ನಾನು: “ಟೆಸ್ಟ್ ದ್ರವ ಹಳೇದಿರ್ಬೇಕು.”

“ಹೋದ ವಾರ ತಾನೇ ಸೀಲ್ ಒಡೆದಿದ್ದು.”

“ಹಾಗಾದ್ರೆ ಸಣ್ಣ ಬಿರುಕಿರ್ಬೇಕು. ಬಿಸಿಯಾದಾಗ ಮಾತ್ರ ತೆರೆಯೋ ಅಂಥದ್ದು.”

ಅಪ್ಪ ನನ್ನ ಮುಖ ನೋಡಿದ್ರು. ಸುತ್ತು ಹಾಕೋಕೆ ಎದ್ರು.

11 ಮಾರ್ಚ್, ಮಂಗಳವಾರ. ಮಧ್ಯಾಹ್ನ

ಡಾಕ್ಟರಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಚ್ಚಿಟ್ಟು ಇನ್ನೊಬ್ಬರ ಕೈ ಸುಡಿಸೋದು ನನ್ನಿಂದಾಗಲ್ಲ. “ಹೆಡ್ ಬಿಚ್ಚಬೇಕಾಗಬಹುದು ಡಾಕ್ಟ್ರೇ. ನನ್ನ ಕೆಲಸದಲ್ಲೇ ತಪ್ಪಿರ್ಬೇಕು.”

ಅವರು ಬಾನೆಟ್‌ಗೆ ಒರಗಿ ನಿಂತು ಕೇಳಿಸ್ಕೊಂಡ್ರು. “ದಿನಾ ಓಡೋವಾಗ ಕುದೀತಾ?”

“ಇಲ್ಲ. ನಿಂತ ಮೇಲೆ.”

“ನೋಡಿ, ನನ್ನ ಹತ್ರಾನೂ ಎಲ್ಲಿ ನೋವು ಅಂತ ಗೊತ್ತಿಲ್ಲದೋರು ಬರ್ತಾರೆ. ತಕ್ಷಣ ಹಲ್ಲು ಕಿತ್ತು ಕೊಡಿ ಅಂತಾರೆ. ನಾನು ಕೀಳಲ್ಲ. ಒಂದು ವಾರ ಬಿಟ್ಟು ಬನ್ನಿ ಅಂತೀನಿ. ಗಾಡಿ ಕೊಡಿ, ನಾನು ಓಡಿಸ್ತೀನಿ.”

ಷರತ್ತು ಹಾಕಿ ಕೊಟ್ಟೆ. ತೊಂಬತ್ತೈದು ದಾಟಿದ್ರೆ ಅಲ್ಲೇ ನಿಲ್ಲಿಸ್ಬೇಕು. ಕ್ಯಾಪ್ ಮುಟ್ಟಲೇಬಾರದು. ದಿನಾ ಬೆಳಗ್ಗೆ ಬಾಟಲಿನ ಗೆರೆ ನೋಡಿ ಮೆಸೇಜ್ ಮಾಡ್ಬೇಕು. ಎಲ್ಲದಕ್ಕೂ ತಲೆ ಆಡಿಸಿ, ಗೇಟ್ ದಾಟಿದ ಕೂಡ್ಲೇ ಟೈರ್ ಕಿರ್ ಅನ್ನಿಸಿಕೊಂಡೇ ಹೋದ್ರು.

13 ಮಾರ್ಚ್, ಗುರುವಾರ

ಮೆಸೇಜ್: “85. ಗೆರೆ ಅಲ್ಲೇ ಇದೆ. ಹೆದರಿದ್ದು ನೀವೇ, ಗಾಡಿಯಲ್ಲ.”

ನಿನ್ನೆಯದೂ ಹಾಗೇ. ಸಮಾಧಾನ ಆಗ್ಬೇಕಿತ್ತು, ಆಗ್ತಿಲ್ಲ. ಫೋನ್ ಸದ್ದಾದ್ರೆ ಸ್ಪ್ಯಾನರ್ ಬಿಸಾಕಿ ಓಡ್ತೀನಿ.

17 ಮಾರ್ಚ್, ಸೋಮವಾರ. ಸಂಜೆ 6.25

ಡಾಕ್ಟರಮ್ಮ ಬಂದು ಗಾಡಿ ಬಿಟ್ಟು ಹೋದ್ರು. ವಾರದಲ್ಲಿ ಒಂದು ಹನಿ ಕಮ್ಮಿ ಆಗಿಲ್ಲ. ನಾನು ಬಾಟಲಿಗೆ ಟಾರ್ಚ್ ಹಾಕಿ ನೋಡಿದೆ, ಅವರು ನನ್ನ ಮುಖಕ್ಕೆ ಟಾರ್ಚ್ ಹಾಕೋ ಹಾಗೆ ನೋಡಿದ್ರು. “ನಿದ್ದೆ ಮಾಡ್ತಿದ್ದೀರಾ?” ಅಂದ್ರು. ಮಾಡ್ತೀನಿ ಅಂತ ಸುಳ್ಳು ಹೇಳಿದೆ. ಆಟೋ ಕಾಯ್ತಿತ್ತು, ಕೀ ಕೊಟ್ಟು ಓಡಿದ್ರು. ಅಪ್ಪ ಸುತ್ತಲ್ಲಿದ್ರು, ಇದನ್ನೂ ಸೇರಿಸ್ಕೊಂಡ್ರು.

ಸರಿ ಹೋಯ್ತು ಅನ್ಕೊಳ್ಳಲಾ? ಅನ್ಕೊಂಡು ಬಿಡ್ತೀನಿ. ಸರಿ ಹೋಯ್ತು.

18 ಮಾರ್ಚ್, ಮಂಗಳವಾರ. ಬೆಳಗ್ಗೆ 9.05

ನೆಲ ಹಸಿರು.

ವಾರವಿಡೀ ಅವರ ಮನೆಯಲ್ಲಿ ಒಣಗಿದ್ದ ಗಾಡಿ ನನ್ನ ಶೆಡ್ಡಿಗೆ ಬಂದ ಕೂಡ್ಲೇ ಉಚ್ಚೆ ಹೊಯ್ಕೊಳ್ಳುತ್ತೆ. ನಗು ಬರ್ಬೇಕು, ಬರ್ತಿಲ್ಲ. ಕ್ಲಿಪ್ಪಿಂದ ಫಾರ್ಮ್ ತೆಗೆದು ತುಂಬಿಸಿದೆ. ಶಾಯಿ ಪೆನ್ನಲ್ಲೇ ತುಂಬಿಸ್ಬೇಕಂತೆ. ಹೆಸರು, ವಯಸ್ಸು, ಓದು. ‘ಹಿಂದಿನ ಅನುಭವ’ ಅಂತ ಒಂದು ಸಾಲು. ಹದಿನೆಂಟು ವರ್ಷ ಒಂದು ಸಾಲಲ್ಲಿ ಹಿಡಿಸ್ತು, ಇನ್ನೂ ಜಾಗ ಉಳೀತು. ಸಹಿ ಮಾತ್ರ ಹಾಕಿಲ್ಲ. ಮತ್ತೆ ಕ್ಲಿಪ್ಪಿಗೇ ಸಿಕ್ಕಿಸಿದೆ.

19 ಮಾರ್ಚ್, ಬುಧವಾರ. ಸಂಜೆ

ಅಪ್ಪನ ಮೇಲೆ ಕೂಗಾಡಿದೆ. ಬರೆಯೋಕೂ ನಾಚಿಕೆ.

ಹೆಡ್ ಬಿಚ್ತೀನಿ ಅಂತ ಬೋಲ್ಟ್ ತಿರುಗಿಸೋ ಸಾಕೆಟ್‌ಗಳನ್ನ ಜೋಡಿಸ್ತಿದ್ದೆ. ಬೇಡ ಅಂದ್ರು. ಟೆಸ್ಟ್ ನೀಲಿ ಬಂದಿದೆ, ಆಯಿಲ್ ಶುದ್ಧ ಇದೆ, ಹೊಗೆ ಬಿಳೀ ಇಲ್ಲ, ಯಾವ ಸುಖಕ್ಕೆ ಬಿಚ್ತೀಯ ಅಂದ್ರು. ಸರಿಯಾದ ಮಾತೇ. ಅದಕ್ಕೇ ಇನ್ನೂ ಸಿಟ್ಟು ಬಂತು.

“ನಿಮಗೆ ಕಾಣಿಸ್ತಿಲ್ವಾ ಅಪ್ಪ, ನನ್ನ ಕೈ ಹೋಗಿದೆ. ಎಷ್ಟು ದಿನ ಅಂತ ಮುಚ್ಚಿಟ್ಕೊಂಡು ಕೂರ್ಲಿ? ನಿಮ್ಮ ಶೆಡ್ಡು, ನಿಮ್ಮ ಹೆಸರು, ಎಲ್ಲಾ ಹಾಳು ಮಾಡ್ತಿರೋಳು ನಾನು.”

ಅಪ್ಪ ನನ್ನ ಕೈಯಿಂದ ಸಾಕೆಟ್ ತಗೊಂಡು ಡಬ್ಬಿಗೆ ಹಾಕಿದ್ರು.

“ನಾಳೆ ಸಂಜೆ ತನಕ ತಡಿ. ಆಮೇಲೆ ಬಿಚ್ಚು. ಸಿಟ್ಟಲ್ಲಿ ಸ್ಪ್ಯಾನರ್ ಹಿಡೀಬಾರ್ದು.”

ಸರಿ. ನಾಳೆ. ಡಾಕ್ಟರಮ್ಮನಿಗೆ ಫೋನ್ ಮಾಡಿ, ಡಿಕ್ಕಿಯಲ್ಲಿರೋ ಸಾಮಾನು ತಗೊಂಡು ಹೋಗಿ ಅಂದೆ. ಹೆಡ್ ಬಿಚ್ಚಿದ್ರೆ ತಿಂಗಳ ಕೆಲಸ.

20 ಮಾರ್ಚ್, ಗುರುವಾರ. ಸಂಜೆ 7.00

ಇನ್ನೂ ಕೈ ತೊಳೆದಿಲ್ಲ, ಪುಟವೆಲ್ಲಾ ಮಸಿ. ಆದ್ರೂ ಇವತ್ತೇ ಬರೀಬೇಕು.

ಐದೂವರೆಗೆ ಡಾಕ್ಟರಮ್ಮ ಬಂದ್ರು. ಡಿಕ್ಕಿಯಿಂದ ಎರಡು ಜೊತೆ ಚಪ್ಪಲಿ, ಒಂದು ಛತ್ರಿ, ಪ್ಲಾಸ್ಟರಿನ ಹಲ್ಲಿನ ಸೆಟ್ ಒಂದು ತೆಗೆದ್ರು. “ತಿಂಗಳು ಸಿಗಲ್ಲ ಅಂದ್ರಲ್ಲ, ಕೊನೇದಾಗಿ ಒಂದು ರೌಂಡ್” ಅಂದ್ರು. ನಾನೂ ಪಕ್ಕದಲ್ಲಿ ಕೂತೆ. ಎಂಬತ್ತೈದು. ಸಿಗ್ನಲ್, ಟ್ರಾಫಿಕ್ಕು, ಸೇತುವೆ, ಎಲ್ಲಾ ಕಡೆ ಎಂಬತ್ತೈದು. ವಾಪಸ್ ತಂದು ಶೆಡ್ಡಲ್ಲಿ ನಿಲ್ಲಿಸಿ ಕೀ ತಿರುಗಿಸಿದ್ರು. ಇಂಜಿನ್ ನಿಂತಿತು.

ಅವರು ಇಳೀಲಿಲ್ಲ. ಕೈ ಮಡಿಲಲ್ಲಿಟ್ಕೊಂಡು ಕೂತ್ರು. ಒಳಗೆಲ್ಲೋ ಸಣ್ಣಗೆ ಗುಂಯ್...

“ಯಾಕೆ ಡಾಕ್ಟ್ರೇ, ಮಂಡಿ ಹಿಡ್ಕೊಳ್ತಾ?”

“ಇಲ್ಲಮ್ಮ, ಪಂಪು ಓಡಿ ಮುಗಿಸ್ಲಿ ಅಂತ. ಮನೇಲಿ ದಿನಾ ಕೂತಿರ್ತೀನಿ. ಆಫ್ ಮಾಡಿದ ಮೇಲೆ ಎರಡು ನಿಮಿಷ ಹೀಗೇ ಓಡುತ್ತಲ್ಲ. ಪೇಷಂಟ್ ಬಾಯಿ ಮುಕ್ಕಳಿಸಿ ಏಳೋ ತನಕ ನಾನು ಕಾಯಲ್ವಾ, ಹಾಗೆ.”

ನಾನು ಈ ಸದ್ದು ಕೇಳಿದ್ದೇ ಇಲ್ಲ ಅಂತ ಆಗ ಹೊಳೀತು. ನಾನೇ ಫಿಟ್ ಮಾಡಿದ ಪಂಪು. ಆಫ್ ಆದ ಮೇಲೆ ಅದು ಓಡೋ ಸದ್ದನ್ನ ನಾನು ಒಂದು ದಿನವೂ ಕೇಳಿಲ್ಲ. ಯಾಕೆ ಕೇಳಿಲ್ಲ?

ಅಷ್ಟರಲ್ಲಿ ಅಪ್ಪ ಕಿಟಕಿಗೆ ಬಗ್ಗಿದ್ರು. ಸಂಜೆಯ ಸುತ್ತು. “ಬಾನೆಟ್ ಲಿವರ್ ಎಳೀರಿ ಡಾಕ್ಟ್ರೇ.” ಕೈಯಲ್ಲಿ ಹತ್ತರ ಸ್ಪ್ಯಾನರ್.

ನೋಡಿದೆ. ಸ್ಪ್ಯಾನರ್ ನೋಡಿದೆ, ಅಪ್ಪನ ಕೈ ನೋಡಿದೆ, ನನ್ನ ಕೈಯನ್ನೂ ನೋಡ್ಕೊಂಡೆ.

ನೆಗೆಟಿವ್ ಬಿಚ್ಚಿದ್ರೆ ಪಂಪಿಗೆ ಕರೆಂಟ್ ಎಲ್ಲಿಂದ ಬರ್ಬೇಕು? ಕಾದ ಇಂಜಿನ್ ಒಳಗೆ ನೀರು ನಿಂತಲ್ಲೇ ನಿಲ್ಲುತ್ತೆ. ಟರ್ಬೊ ಕೆಂಡದ ಹಾಗಿರುತ್ತೆ. ಪಕ್ಕದಲ್ಲಿ ನಿಂತ ನೀರು ಕುದಿಯದೆ ಇನ್ನೇನು ಮಾಡುತ್ತೆ? ಬಾಟಲನ್ನ ಭಯಕ್ಕೆ ಕಂಠಪೂರ್ತಿ ತುಂಬಿಸಿಡೋಳು ಬೇರೆ ನಾನು. ಚೆಲ್ಲಿತು. ಸಂಜೆ ಅಪ್ಪ ಬಿಚ್ತಿದ್ರು, ಮಧ್ಯಾಹ್ನ ನಾನು. ಡಾಕ್ಟರಮ್ಮನ ಮನೆಯಲ್ಲಿ ಯಾರೂ ಬಿಚ್ಚಲ್ಲ, ಅಲ್ಲಿ ಒಣ ನೆಲ. ಎರಡು ನಿಮಿಷ ಓಡ್ಬೇಕು ಅಂತ ಓದಿದ್ದೆ, ಅದಕ್ಕೇ ಅಂತ ವೈರೂ ಎಳೆದಿದ್ದೆ, ಈ ಬುಕ್ಕಲ್ಲೂ ಬರೆದಿದ್ದೀನಿ. ಬರೆದ ಕೈಯಲ್ಲೇ ಅದರ ಕತ್ತು ಹಿಸುಕ್ತಿದ್ದೆ. ನೆಗೆಟಿವ್ ಬಿಚ್ಚೋದು ಒಂದು ಕೆಲಸ ಅಂತ ನಮ್ಮಿಬ್ಬರಿಗೂ ಅನ್ನಿಸೋದೇ ಇಲ್ಲವಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ.

“ಅಪ್ಪ, ಕೈ ಎತ್ತಿ. ಎರಡು ನಿಮಿಷ, ದಯವಿಟ್ಟು.”

ಮೂರೂ ಜನ ಅಲ್ಲಾಡದೆ ಕಾದ್ವಿ. ಗುಂಯ್ ಅಂತಾ ಇತ್ತು, ಆಮೇಲೆ ನಿಂತಿತು. ಗುಳುಗುಳು ಇಲ್ಲ, ಹನಿ ಇಲ್ಲ. ಹೋಸ್ ಮುಟ್ಟಿದೆ, ಬೆಚ್ಚಗಿತ್ತು ಅಷ್ಟೇ. ಅಲ್ಲೇ ಟೈರ್ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ನಗು ಬಂತು, ಅಳುವೂ ಬಂತು, ಯಾವುದು ಯಾವಾಗ ಅಂತ ಗೊತ್ತಾಗ್ಲಿಲ್ಲ. ನನ್ನ ಗ್ಯಾಸ್ಕೆಟ್ ಸರಿ ಇದೆ. ನನ್ನ ಬೋಲ್ಟ್‌ಗಳು ಸರಿ ಇವೆ. ಹದಿನೈದು ದಿನದಿಂದ ಎದೆ ಮೇಲೆ ಕೂತಿದ್ದ ಕಲ್ಲು ಎದ್ದು ಹೋಯ್ತು.

“ನಾನೇ ಅಪ್ಪ, ಮಧ್ಯಾಹ್ನ ಮಧ್ಯಾಹ್ನ ನೆಗೆಟಿವ್ ಬಿಚ್ಚಿಬಿಡ್ತಿದ್ದೆ. ನಾನೇ ಕುದಿಸ್ತಿದ್ದೆ” ಅಂದೆ.

ಅಪ್ಪನಿಗೆ ಅರ್ಥ ಆಗದ್ದು ಏನಿದೆ. ಸ್ಪ್ಯಾನರ್ ಜೇಬಿಗೆ ಹಾಕ್ಕೊಂಡ್ರು. “ಸಂಜೆ ಹೊತ್ತು ನಾನಲ್ವಾ” ಅಂದ್ರು. ಮುಖ ಚಿಕ್ಕದಾಗಿಹೋಗಿತ್ತು. ಉಳಿದ ಗಾಡಿಗಳ ನೆಗೆಟಿವ್ ಬಿಚ್ಚಿ, ಯಾರಿಗೂ ಕಾಯದೆ ಮನೆಗೆ ಹೊರಟ್ರು.

21 ಮಾರ್ಚ್, ಶುಕ್ರವಾರ. ಬೆಳಗ್ಗೆ 9.00

ನೆಲ ಒಣಗಿದೆ. ಕೈಯಿಂದ ಸವರಿ ನೋಡಿದೆ. ಬರೀ ಧೂಳು. ಇಷ್ಟು ಚಂದದ ಧೂಳು ನಾನು ನೋಡಿಲ್ಲ.

ಅದೇ ದಿನ. ಸಂಜೆ

ಮಧ್ಯಾಹ್ನ ಡಾಕ್ಟರಮ್ಮ ಗಾಡಿ ತಗೊಂಡು ಹೋದ್ರು. ಟೈರ್ ಕಿರ್.

23 ಮಾರ್ಚ್, ಭಾನುವಾರ. ಮನೆಯಲ್ಲಿ

ಅಪ್ಪ ಮಾತಾಡ್ತಿಲ್ಲ. ಸಿಟ್ಟಲ್ಲ, ಸಿಟ್ಟಾಗಿದ್ರೆ ನನಗೆ ಗೊತ್ತಾಗುತ್ತೆ. ಶುಕ್ರವಾರ, ಶನಿವಾರ ಸಂಜೆ ಬಂದ್ರು. ಪ್ರತಿ ಗಾಡಿ ಮುಂದೆ ನಿಂತು, “ಇದಕ್ಕೆ ಬಿಚ್ಚಬಹುದಾ?” ಅಂತ ನನ್ನ ಕೇಳಿದ್ರು. ನನ್ನನ್ನ. ಐವತ್ತು ವರ್ಷ ಸ್ಪ್ಯಾನರ್ ಹಿಡಿದ ಮನುಷ್ಯ. ಕೇಳಿ ನನಗೆ ಮೈ ಹಿಡಿಯಾಯ್ತು.

ಇವರು ಬಟ್ಟೆ ಮಡಿಸ್ತಾ ಹೇಳಿದ್ರು: “ಶೆಡ್ಡಲ್ಲಿ ಅವರಿಗೆ ಅಂತ ಉಳಿದಿದ್ದು ಅದೊಂದೇ ಕೆಲಸ ಕಣೆ. ಅದೂ ತಪ್ಪಾಗೋಯ್ತು ಅಂತ ಕೂತಿದ್ದಾರೆ. ಹೋಗಿ ಏನಾದ್ರೂ ಮಾತಾಡು.”

ಏನು ಮಾತಾಡ್ಲಿ. ಆ ರೂಢಿ ಯಾಕೆ ಶುರುವಾಯ್ತು ಅನ್ನೋದೇ ನನ್ನ ಬಾಯಿಗೆ ಹದಿನಾರು ವರ್ಷದಿಂದ ಬೀಗ ಹಾಕಿದೆ.

24 ಮಾರ್ಚ್, ಸೋಮವಾರ. ಸಂಜೆ 5.15

ಹೇಳಿಬಿಟ್ಟೆ.

ಶೆಡ್ಡಲ್ಲಿ ಇಬ್ಬರೇ ಇದ್ವಿ. ಅಪ್ಪ ಸ್ಟೂಲ್ ಮೇಲೆ, ಕಾಫಿ ಲೋಟ ಆರ್ತಾ ಇತ್ತು. ನಾನು ಬೆನ್ನು ತಿರುಗಿಸಿ ಬೆಂಚು ಒರೆಸ್ತಾ ಹೇಳಿದೆ, ಮುಖ ನೋಡಿ ಹೇಳೋ ಧೈರ್ಯ ಇರ್ಲಿಲ್ಲ. ಆ ವರ್ಷ ಬೆಂಕಿ ಬಿದ್ದಿದ್ದು ನನ್ನಿಂದ. ಮೂಲೆಯ ಗಾಡಿಯ ಬ್ಯಾಟರಿಗೆ, ಕರೆಂಟ್ ಬರ್ತಿದ್ಯಾ ಅಂತ ನೋಡೋ ಟೆಸ್ಟ್ ಲೈಟ್ ಸಿಕ್ಕಿಸಿದ್ದೆ, ವೈರ್ ಬಿಚ್ಚದೆ ಹಾಗೇ ಬಿಟ್ಟು ಓಡಿದ್ದೆ. ಎರಡು ಗಾಡಿ, ಅರ್ಧ ಛಾವಣಿ. ಎಲ್ಲರೂ ಇಲಿ ವೈರ್ ಕಡಿದಿರ್ಬೇಕು ಅಂದ್ರು. ನಾನು ಹೌದೌದು ಅಂದೆ. ಇಪ್ಪತ್ತೆರಡು ವಯಸ್ಸು, ಹೇಳೋಕೆ ಧೈರ್ಯ ಬರ್ಲಿಲ್ಲ. ಆಮೇಲೆ ಹೇಳೋ ಹೊತ್ತು ದಾಟಿಹೋಯ್ತು.

ತಿರುಗಿ ನೋಡಿದೆ. ಅಪ್ಪ ಕಾಫಿ ಕುಡೀತಿದ್ರು.

“ಗೊತ್ತು” ಅಂದ್ರು.

“ಏನು ಗೊತ್ತು?”

“ಮಾರನೇ ದಿನ ಬೂದಿ ಗೋರೋವಾಗ ಟೆಸ್ಟ್ ಲೈಟಿನ ಕ್ಲಿಪ್ ಸಿಕ್ತು, ಬ್ಯಾಟರಿಗೆ ಅಂಟ್ಕೊಂಡೇ. ಅವತ್ತು ನಿನ್ನ ಗಂಡನ್ನ ನೋಡೋ ಅವಸರ ನಿಂಗೆ, ಮದುವೆಗೆ ಮುಂಚೆ. ಐದು ಗಂಟೆಗೇ ತಲೆ ಬಾಚ್ಕೊಂಡು ನಿಂತಿದ್ದೆ, ನಂಗೆ ಕಾಣಿಸಲ್ಲ ಅನ್ಕೊಂಡ್ಯಾ?”

“ಮತ್ತೆ ಯಾಕೆ ಒಂದು ಮಾತೂ...”

“ಏನಂತ ಹೇಳ್ಲಿ? ನೀನು ಊಟ ಬಿಟ್ಟು ಕೂತಿದ್ದೆ. ಟೆಸ್ಟ್ ಲೈಟ್ ಬಿಚ್ಚಿ ಹೋಗು ಅಂತ ರೂಲ್ ಮಾಡಿದ್ರೆ, ನಂಗೆ ಗೊತ್ತಿದೆ ಅಂತ ನಿಂಗೆ ತಿಳೀತಿತ್ತು. ಅದಕ್ಕೇ ಎಲ್ಲಾ ಗಾಡಿಗೂ ನೆಗೆಟಿವ್ ಬಿಚ್ಚೋ ರೂಲ್ ಮಾಡ್ದೆ. ಸಂಜೆ ನಾನೇ ಬಿಚ್ತೀನಿ ಅಂದೆ. ನೀನು ಏನಾದ್ರೂ ಮರೆತಿದ್ರೂ ನನ್ನ ಕಣ್ಣಿಗೆ ಬೀಳ್ಲಿ, ನಿಂಗೆ ಗೊತ್ತಾಗೋದು ಬೇಡ ಅಂತ.” ಲೋಟ ಕೆಳಗಿಟ್ರು. “ಅದೇ ಈಗ ಸುತ್ತಿ ಬಂದು ನಿನ್ನ ಕಾಲಿಗೇ ತೊಡರ್ಕೊಳ್ತು ನೋಡು.”

ನಾನು ಅತ್ತೆ. ಮುಚ್ಚುಮರೆ ಇಲ್ಲದೆ, ಕೈಯಲ್ಲಿ ಗ್ರೀಸ್ ಬಟ್ಟೆ ಹಿಡ್ಕೊಂಡೇ. ಮುಖವೆಲ್ಲಾ ಮಸಿ. ಅಪ್ಪ ಎದ್ದು ಬಂದು ನೆತ್ತಿ ಮೇಲೆ ಕೈಯಿಟ್ರು. “ಸಾಕು, ಮುಖ ತೊಳಿ, ಕಸ್ಟಮರ್ ಬಂದ್ರೆ ಹೆದರ್ತಾರೆ” ಅಂದ್ರು.

ಹದಿನಾರು ವರ್ಷ. ಇಬ್ಬರೂ ಒಬ್ಬರಿಂದೊಬ್ಬರು ಒಂದೇ ವಿಷಯ ಬಚ್ಚಿಟ್ಕೊಂಡು ಒಂದೇ ಶೆಡ್ಡಲ್ಲಿ ಓಡಾಡ್ತಿದ್ವಿ. ಮೈ ಹಗುರಾಗಿದೆ. ಮನೆಗೆ ನಡ್ಕೊಂಡೇ ಹೋಗ್ತೀನಿ.

25 ಮಾರ್ಚ್, ಮಂಗಳವಾರ

ಹೊಸ ರೂಢಿ. ಕರೆಂಟ್ ಪಂಪಿನ ಗಾಡಿಗೆ ಮೊದಲು ಕಾಯೋದು, ಪಂಪು ನಿಂತ ಮೇಲೆ ನೆಗೆಟಿವ್ ಬಿಚ್ಚೋದು. ಅಪ್ಪನಿಗೆ ಕಿವಿ ಮಂದ, ಗುಂಯ್ ಅನ್ನೋದು ಕೇಳಿಸಲ್ಲ. ಕೆಳಗಿನ ಹೋಸ್ ಮೇಲೆ ಅಂಗೈ ಇಟ್ಟು ನೋಡ್ತಾರಂತೆ. “ನಡುಕ ನಿಂತ್ರೆ ನಿಂತ ಹಾಗೆ. ಇದು ನಾನು ನೋಡ್ಕೊಳ್ತೀನಿ, ನಿಂಗೆ ತಾಳ್ಮೆ ಇಲ್ಲ.” ಬೈಗುಳ ವಾಪಸ್ ಬಂದಿದೆ. ಸದ್ಯ.

ಫಾರ್ಮ್ ಏನಾಯ್ತು ಅಂತ ಇವರು ಕೇಳಿದ್ರು. ನೋಡೋಣ ಅಂದೆ. ಒಂದು ಗಾಡಿ ಒಣಗಿದ ಮಾತ್ರಕ್ಕೆ ಧೈರ್ಯ ಪೂರ್ತಿ ಬರಲ್ಲ. ಡಾಕ್ಟರಮ್ಮ ಲಾಂಗ್ ಡ್ರೈವ್ ಹೊರಟಿದ್ದಾರೆ, ಘಟ್ಟ ಹತ್ತಿ ಇಳಿದು ಬರೋದು. 30ಕ್ಕೆ ವಾಪಸ್. ಆಮೇಲೆ ಹೇಳ್ತೀನಿ.

31 ಮಾರ್ಚ್, ಸೋಮವಾರ. ಬೆಳಗ್ಗೆ 9.15

ನಿನ್ನೆ ಸಂಜೆ ಡಾಕ್ಟರಮ್ಮ ಘಟ್ಟದಿಂದ ಸೀದಾ ಶೆಡ್ಡಿಗೇ ಬಂದ್ರು. ಭಾನುವಾರ, ಆದ್ರೂ ಶಟರ್ ಎತ್ತಿಸಿದ್ರು. ಏರಲ್ಲೂ ಎಂಬತ್ತೆಂಟು ದಾಟಿಲ್ಲವಂತೆ. ಗಾಡಿ ರಾತ್ರಿ ಇಲ್ಲೇ ಇತ್ತು. ಹನಿ ಬಿದ್ರೆ ಗೊತ್ತಾಗ್ಲಿ ಅಂತ ಅಪ್ಪ ಕೆಳಗೆ ಪೇಪರ್ ಹಾಸಿ ಬಂದಿದ್ರು.

ಈಗ ಬಗ್ಗಿ ಎಳೆದು ನೋಡಿದೆ. ನನ್ನ ಫಾರ್ಮ್. ಕ್ಲಿಪ್ಪಲ್ಲಿದ್ದ ಇಷ್ಟೊಂದು ಪೇಪರಲ್ಲಿ ಅದನ್ನೇ ಹಾಸಿದ್ದಾರೆ. ಓದಿ ಹಾಸಿದ್ರೋ, ಕೈಗೆ ಸಿಕ್ಕಿದ್ದು ಹಾಸಿದ್ರೋ... ಕೇಳಲ್ಲ. ಒಂದು ಹನಿ ಬಿದ್ದಿಲ್ಲ. ಶಾಯಿ ಎಲ್ಲೂ ಕದಡಿಲ್ಲ. ಹೆಸರು, ವಯಸ್ಸು, ಹದಿನೆಂಟು ವರ್ಷ, ಎಲ್ಲಾ ಒಣಗಿಕೊಂಡು ಹಾಗೇ ಇದೆ.

ಇವತ್ತು ಕೊನೇ ದಿನ. ಮತ್ತೆ ಗಾಡಿ ಕೆಳಗೇ ಹಾಸಿದೆ. ಅಲ್ಲೇ ಇರಲಿ, ಅದಕ್ಕೆ ಒಳ್ಳೇ ಕೆಲಸ ಸಿಕ್ಕಿದೆ.

ಅದೇ ದಿನ. ಸಂಜೆ 6.30

ಕಾಂಟ್ರಾಕ್ಟರಿಗೆ ಫೋನ್ ಮಾಡಿದೆ. ವರ್ಷದಿಂದ ಮಾಡ್ಬೇಕಿತ್ತು. ಕೈ ಹೇಗಿದೆ ಅಂತ ಕೇಳಿದೆ, ಬೇರೆ ಏನೂ ಇಲ್ಲ. ಕಲೆ ಉಳಿದಿದೆ, ನೋವಿಲ್ಲ ಅಂದ. ಆಮೇಲೆ, “ಅದೇನೋ ಕರೆಂಟ್ ಪಂಪು ಹಾಕ್ತೀರಂತಲ್ಲ, ಒಂದಿನ ಬರ್ಲಾ?” ಅಂದ. ಬನ್ನಿ ಅಂದೆ.

ಈಗ ಸ್ಟೂಲ್ ಮೇಲೆ ಕೂತು ಬರೀತಿದ್ದೀನಿ. ಡಾಕ್ಟರಮ್ಮನ ಗಾಡಿ ಕೊನೇ ರೌಂಡ್ ಓಡಿಸಿ ಈಗ ತಾನೇ ಆಫ್ ಮಾಡಿದೆ. ಪಂಪು ಓಡ್ತಿದೆ. ಅಪ್ಪ ಬಾನೆಟ್ ಒಳಗೆ ಬಗ್ಗಿ, ಹೋಸ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಕೊಂಡಿದ್ದಾರೆ. ಉಳಿದ ಮೂರು ಗಾಡಿ ಆಗಿದೆ. ಇನ್ನೂ ಓಡ್ತಿದೆ... ಇನ್ನೂ...

ನಿಂತಿತು. ಅಪ್ಪ ಕಣ್ಣು ತೆರೆದು ತಲೆ ಆಡಿಸಿದ್ರು. ಜೇಬಿಂದ ಸ್ಪ್ಯಾನರ್ ತೆಗೆದ್ರು. ಬ್ಯಾಟರಿ ಹತ್ತಿರ ಹೋಗ್ತಿಲ್ಲ. ನನ್ನ ಕಡೆ ತಿರುಗಿ, ಹಿಡಿ ನನ್ನ ಕಡೆ ಮಾಡಿ ಚಾಚಿದ್ದಾರೆ. “ತಗೋ, ಇವತ್ತಿಂದ ನೀನೇ ಬಿಚ್ಚು” ಅಂತಿದ್ದಾರೆ. “ಬರೆದಿದ್ದು ಸಾಕು.”

ಹದಿನಾರು ವರ್ಷದ ಮೇಲೆ. ಪೆನ್ನು ಇಡ್ಬೇಕು, ಕೈ ಖಾಲಿ ಬೇಕು.